ಕೆಟ್ಟರೆ ಎರಡು ಸದ್ದು

ಅಕ್ಕ ಕಳಿಸಿದ ಕೋಡನ್ನು ಒಪ್ಪಿಕೊಂಡುಬಿಡಲೇ? ಒಪ್ಪಿದರೆ ಹಳೆಯ ಕೋರಿಕೆಯೂ ಜೊತೆಗೇ ಮೇಲೇಳುತ್ತದೆ, ಅದರ ಕೆಳಗಿನ ಆ ಸಾಲೂ. ಬೇಡವೆಂದರೆ ಅಕ್ಕನಿಗೆ ಏನೆಂದು ಹೇಳಲಿ?

ಅವನು ಎದ್ದು ಕಿಟಕಿ ತೆರೆದ, ಮುಚ್ಚಿದ, ಮತ್ತೆ ಬಂದು ಕೂತ. ಆ ಕೋಡು ಬಂದದ್ದು ಒಂದು ಶೆಲ್‌ಗೆ, ಅಂದರೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ತೆಗೆಯುವ ತಂತ್ರಾಂಶಕ್ಕೆ. ಅವನೂ ಇನ್ನಿಬ್ಬರು ಗೆಳೆಯರೂ ಅದನ್ನು ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. ಯಾರು ಬೇಕಾದರೂ ಹೊಸ ಸೌಲಭ್ಯ ಕೇಳಬಹುದು, ಕೋಡ್ ಬರೆದು ಕಳಿಸಬಹುದು. ಉತ್ತರ ಮಾತ್ರ ಮೂವರದೂ ‘ನಿರ್ವಾಹಕ’ ಎಂಬ ಒಂದೇ ಹೆಸರಿನಲ್ಲಿ.

ಹೋದ ವರ್ಷ ಒಂದು ಮಧ್ಯಾಹ್ನ ಅವನು ಧೂಳು ಹಿಡಿದ ಮುನ್ನೂರಹನ್ನೆರಡು ಕೋರಿಕೆಗಳನ್ನು ಒಂದೇ ಆಜ್ಞೆಯಲ್ಲಿ ಮುಚ್ಚಿದ್ದ. ಎಲ್ಲದಕ್ಕೂ ಒಂದೇ ಉತ್ತರ: ‘ಇದು ಯಾರಿಗೂ ಬೇಕಿಲ್ಲ.’ ಒಂದನ್ನೂ ಓದಿರಲಿಲ್ಲ. ಅವುಗಳಲ್ಲೊಂದು ಗ್ರಂಥಾಲಯದ ಹೆಸರಿನಲ್ಲಿ ಬಂದಿತ್ತು. ಕೊಟ್ಟ ಆಜ್ಞೆ ಕೆಟ್ಟರೆ ಶೆಲ್ ಎರಡು ಸಲ ಸದ್ದು ಮಾಡಲಿ, ಕಣ್ಣು ಮಂಜಾದವರಿಗೆ ಅನುಕೂಲ ಎಂದು. ಬರೆದವಳು ಅಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಅವನ ಅಕ್ಕ. ಅದು ಅವನಿಗೆ ತಿಳಿದದ್ದು ಇವತ್ತು, ಅವಳೇ ಕಲಿತು ಬರೆದು ಕಳಿಸಿದ ಕೋಡಿನ ಜೊತೆ.

ನಲವತ್ತು ಸಾಲು. ಒಂದಾದರೂ ತಪ್ಪು ಸಿಕ್ಕರೆ ವಾಪಸು ಕಳಿಸಬಹುದೆಂದು ಮೂರು ಸಲ ಜಾಲಾಡಿದ. ಸಿಗಲಿಲ್ಲ.

“ನೋಡಿದ್ಯೇನೋ?” ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ತಪ್ಪಿದ್ರೆ ಮುಖಕ್ಕೇ ಹೇಳು. ಅಕ್ಕ ಅಂತ ದಾಕ್ಷಿಣ್ಯ ಬೇಡ.”

“ತಪ್ಪೇನಿಲ್ಲಕ್ಕ.”

“ಮತ್ತೆ ಯಾಕೆ ಮೀನಮೇಷ ಎಣಿಸ್ತಾ ಕೂತಿದ್ದೀಯ? ಅವತ್ತು ಬಾಗಿಲು ಹಾಕಿದ ಮಹಾನುಭಾವ ಇವತ್ತೂ ಅಡ್ಡಗಾಲು ಹಾಕ್ತಾನಾ?”

“ಇಲ್ಲ.”

“ಯಾರೋ ಅವನು? ನಿನ್ನ ಆ ಗಡ್ಡದ ಗೆಳೆಯನಾ?”

“ಎಲ್ಲರೂ ಒಂದೇ ಹೆಸರಲ್ಲಿ ಬರೀತೀವಲ್ಲ” ಎಂದ, ಪರದೆಯಿಂದ ಕಣ್ಣು ತೆಗೆಯದೆ.

“ಸಿಕ್ಕಿದ್ರೆ ಹೇಳು. ಯಾರಿಗೂ ಬೇಕಿಲ್ಲ ಅಂದನಲ್ಲ, ಆ ಸಿಟ್ಟಿಗೇ ಇಷ್ಟೂ ಕಲಿತೆ ಅಂತ.” ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದ.

ಪಕ್ಕದ ಕೋಣೆಗೆ ಹೋಗಿ ಅಕ್ಕ ಪರದೆಗೆ ಮೂಗು ತಾಗಿಸಿ ಕೂತಳು. ಬೇಕೆಂದೇ ತಪ್ಪು ಆಜ್ಞೆ ಕೊಟ್ಟಳು. ಎರಡು ಸದ್ದು. ಮತ್ತೆ ಕೊಟ್ಟಳು. ಮತ್ತೆ ಎರಡು.

“ಕೇಳಿಸ್ತೇನೋ?”

“ಕೇಳಿಸ್ತಕ್ಕ.”

ಮುಚ್ಚಿದವನು ತಾನೇ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.