ಮರವೇ, ಅವಳಿಗೆ ಹೇಳು

ಪಾರ್ಲಿನ್ ಕುಂಚವನ್ನು ಮೂರನೆಯ ಸಲ ಬಿಳಿ ಬಣ್ಣದಲ್ಲಿ ಅದ್ದಿ, ಮೂರನೆಯ ಸಲವೂ ಡಬ್ಬಿಯ ಅಂಚಿಗೆ ಒರೆಸಿಬಿಟ್ಟ. ಅಂಗಳದಲ್ಲಿ ಎರಡು ಮಣೆಗಳ ಮೇಲೆ ಅಪ್ಪನ ಶಿಲುಬೆ ಮಲಗಿತ್ತು. ಹುಟ್ಟಿದ ವರ್ಷ, ಸತ್ತ ದಿನ ಎರಡನ್ನೂ ಬರೆದಾಗಿತ್ತು. ಹೆಸರಿನ ಜಾಗ ಮಾತ್ರ ಖಾಲಿ.

"ಏನಂತ ಬರೀಲಿ?" ಹೆಂಡತಿಯ ಮುಖ ನೋಡದೆ ಕೇಳಿದ.

ರೊತುವಾ ಹೊಸ್ತಿಲಲ್ಲಿ ಕೂತು, ಮೂರು ದಿನದ ಹೆಣ್ಣುಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಎಂಟನೇ ತಿಂಗಳಿಗೇ ಬಂದ ಕೂಸು. ಹುಟ್ಟಿದಾಗ ಒಂದು ಸಲ ಜೋರಾಗಿ ಅತ್ತಿತ್ತು, ಅಷ್ಟೇ. ಈಗ ನಾಲ್ಕು ಗುಟುಕು ಹಾಲಿಗೇ ಸುಸ್ತಾಗಿ ಮೊಲೆ ಬಿಟ್ಟುಬಿಡುತ್ತಿತ್ತು.

"ಬೇಗ ಹೇಳ್ರಪ್ಪಾ," ಎಂದರು ಕುಲದ ಹಿರಿಯ ಓಂಪು ಬೊನಾರ್. "ಡೋಲಿನವರು ಕಾಫಿ ಕುಡಿದೂ ಕುಡಿದೂ ನಮ್ಮನೆ ಸಕ್ಕರೆ ಖಾಲಿ ಮಾಡಿದ್ರು. ಬಾರಿಸಿ ಅನ್ನಲಾ, ಮನೆಗೆ ಹೋಗಿ ಅನ್ನಲಾ?"

ಆ ಬೆಟ್ಟದ ಊರುಗಳಲ್ಲಿ ಮಕ್ಕಳಾದ ಮೇಲೆ ಗಂಡಸಿಗೆ ಸ್ವಂತ ಹೆಸರು ಉಳಿಯುವುದಿಲ್ಲ; ಮೊದಲು ಮಗುವಿನ ಹೆಸರು ಹೇಳಿ ಅದರ ಅಪ್ಪ, ಮೊಮ್ಮಗು ಹುಟ್ಟಿದರೆ ಓಂಪು, ಅಂದರೆ ಅಜ್ಜ. ಬೊನಾರನ ಅಜ್ಜ ಓಂಪು ಬೊನಾರ್ ಆದ ಹಾಗೆ, ಮೊಮ್ಮಗುವಿನ ಹೆಸರೇ ಅವನ ಹೆಸರು. ಓಂಪು ಆಗಿ ಸತ್ತವನನ್ನು ಡೋಲು ಬಾರಿಸಿ, ಕುಣಿದು ಕಳಿಸುತ್ತಾರೆ. ಆಗದವನಿಗೆ ಒಂದು ಪ್ರಾರ್ಥನೆ, ಮೂರು ಹಿಡಿ ಮಣ್ಣು. ಶವ ಮಣ್ಣಿಗಿಳಿದ ಮೇಲೆ ಹೆಸರು ಬದಲಾಯಿಸುವಂತಿಲ್ಲ. ಮೊಮ್ಮಗುವಿಗೆ ಹೆಸರೇ ಇಲ್ಲದಿದ್ದರೆ ಅಜ್ಜನಾದರೂ ಯಾರ ಅಜ್ಜ?

"ಒಂದು ಹೆಸರಿಡೋಕೆ ಏನು ಧಾಡಿ ಇವಳಿಗೆ?" ಸತ್ತವರ ತಂಗಿ ಸೋಂತಾ ಶವಪೆಟ್ಟಿಗೆಯ ಪಕ್ಕದಿಂದಲೇ ಕೂಗಿದಳು. "ನಮ್ಮಣ್ಣ ಇವಳನ್ನ ಬೆನ್ನ ಮೇಲೆ ಹೊತ್ತು ಎದೆ ಒಡ್ಕೊಂಡು ಸತ್ತ. ಅವನ್ನ ಗೊಡ್ಡು ಮರದ ಹಾಗೆ ಹೂತು ಬರ್ತೀರಾ?"

"ಅತ್ತೆ, ಸುಮ್ನಿರಿ," ಎಂದ ಪಾರ್ಲಿನ್.

"ನೀನು ಸುಮ್ನಿದ್ದಿದ್ದಕ್ಕೇ ಇಷ್ಟಾಗಿದ್ದು ಕಣೋ."

ರೊತುವಾ ತಲೆಯೆತ್ತಿದಳು. "ಎರಡು ಸಲ ಹೆಸರಿಟ್ಟೆ ಅತ್ತೆ. ಎರಡೂ ಚರ್ಚಿನ ಹಿಂದೆ ಶಿಲುಬೆ ಮೇಲಿವೆ. ಇವಳ ಹೆಸರನ್ನ ಮೊದಲನೇ ಸಲ ಬರೆಯೋದೇ ಗೋರಿ ಮೇಲಾ? ಯಾವ ತಾಯಿ ಬರೀತಾಳೆ, ಹೇಳಿ."

ಶವಸಂಸ್ಕಾರಕ್ಕೆ ಬಂದಿದ್ದ ಚರ್ಚಿನ ಬೋಧಕರು ಮೆಲ್ಲಗೆ, "ತಾಯೀ, ಒಬ್ಬರು ಪ್ರಾಣ ಕೊಟ್ಟಾಗಲೇ ಅಲ್ವಾ ಇನ್ನೊಬ್ಬರಿಗೆ ಜೀವ ಬರೋದು? ಶಿಲುಬೆ ಅಂದ್ರೆ ನಮಗೆ ಬರೀ ಸಾವಲ್ಲ," ಎಂದರು.

"ನಿಮ್ಮ ಬೋಧನೆ ಭಾನುವಾರಕ್ಕಿಟ್ಕೊಳ್ಳಿ ಅಯ್ಯನೋರೇ! ಒಬ್ಬರನ್ನ ಕೊಟ್ಟು ಒಬ್ಬರನ್ನ ತಗೊಳ್ಳೋಕೆ ಇದೇನು ಸಂತೆನಾ? ನಾನು ಕೇಳಿದ್ನಾ?" ಎಂದವಳೇ ಕೂಸನ್ನು ಅವುಚಿಕೊಂಡು ಅತ್ತುಬಿಟ್ಟಳು.

* * *

ಹಳೆಯ ಕಟ್ಟುಪಾಡಿನ ಮನೆ ಅದು. ಮಾವ ಸೊಸೆ ನೇರ ಮಾತಾಡಬಾರದು, ಒಂದೇ ಬೆಂಚಿನ ಮೇಲೆ ಕೂರಬಾರದು, ಮೈ ತಾಗುವ ಮಾತಂತೂ ದೂರವೇ ಉಳಿಯಿತು. ಮನೆಯಲ್ಲಿ ಮೂರನೆಯವರು ಇಲ್ಲದಾಗ ಇಬ್ಬರೂ ಕಂಬದ ಜೊತೆ ಮಾತಾಡುತ್ತಿದ್ದರು.

"ಕಂಬವೇ, ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಅವಳಿಗೆ ಹೇಳು."

"ಕಂಬವೇ, ಮನೇಲಿ ಉಪ್ಪೇ ಇಲ್ಲ ಅಂತ ಮಾವನಿಗೆ ಹೇಳು."

ಮೊದಲನೆಯ ಮಗು ತುಂಬುರ್ ಹುಟ್ಟಿದಾಗ ಊರಿಗೆ ಊರೇ ಅವರನ್ನು ಓಂಪು ತುಂಬುರ್ ಎಂದು ಕರೆಯಿತು. ಹತ್ತೊಂಬತ್ತನೆಯ ದಿನ ಮಗು ಹೋಯಿತು. ಹೆಸರು ಊರವರ ಬಾಯಲ್ಲಿ ಉಳಿಯಿತು. ಬೇಲಿಯಾಚೆ ಯಾರಾದರೂ "ಓಂಪು ತುಂಬುರ್" ಎಂದು ಕೂಗಿದರೆ ಒಲೆಯ ಮುಂದೆ ರೊತುವಾಳ ಕೈ ನಿಂತುಬಿಡುತ್ತಿತ್ತು.

ಮಾವ ಅದನ್ನು ಯಾವಾಗ ಕಂಡರೋ! ಒಂದು ಸಂಜೆ ಹೆಂಡದ ಅಂಗಡಿಯಲ್ಲಿ ಎದ್ದು ನಿಂತು, "ಇನ್ಮೇಲೆ ನನ್ನನ್ನ ಪಾರ್ಲಿನ್ ಅಪ್ಪ ಅಂತಲೇ ಕರೀರಿ," ಎಂದರಂತೆ. "ಬಡ್ತಿ ಬೇಡ ಅನ್ನೋ ಗಂಡಸು ನೀನೊಬ್ನೇ ನೋಡು," ಎಂದು ಎಲ್ಲರೂ ನಕ್ಕರಂತೆ. ಇದನ್ನು ಅವಳಿಗೆ ಕಂಬ ಹೇಳಲಿಲ್ಲ. ಬಾವಿಕಟ್ಟೆಯ ಹೆಂಗಸರು ಹೇಳಿದರು. ಒಮ್ಮೆ ಬಿಟ್ಟ ಓಂಪು ಹೆಸರು ಮತ್ತೆ ಸಿಗುವುದಿಲ್ಲ, ಅದಕ್ಕೆ ಹೊಸ ಮೊಮ್ಮಗುವೇ ಬೇಕು. ಎರಡನೆಯದು, ತಿಯೂರ್, ಎರಡೇ ದಿನ ಬದುಕಿತು. ಆಗ ಯಾರೂ ಅವರನ್ನು ಓಂಪು ಎನ್ನುವ ಧೈರ್ಯ ಮಾಡಲಿಲ್ಲ.

* * *

ಈ ಸಲ ನೋವು ಬಂದಾಗ ಪಾರ್ಲಿನ್ ಸಾಂಬ್ರಾಣಿ ಮೂಟೆ ಹೇರಿಕೊಂಡು ಪೇಟೆಗೆ ಹೋಗಿದ್ದ. ಅವನು ಹೋದ ಹಿಂದೆಯೇ ಹಳ್ಳದ ಮರದ ಸೇತುವೆ ಮುರಿದಿತ್ತು, ಬೈಕು ಬರುವಂತಿರಲಿಲ್ಲ. ಮಾವ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ಕಂಬವನ್ನೇ ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಕುಕ್ಕರಗಾಲಲ್ಲಿ ಕೂತರು.

"ಕಂಬವೇ, ಅವಳಿಗೆ ಹೇಳು, ಏರಲಿ."

ಹೆಗಲ ಹೊದಿಕೆಯಲ್ಲಿ ಅವಳನ್ನು ಬೆನ್ನಿಗೆ ಬಿಗಿದುಕೊಂಡರು. ಆಸ್ಪತ್ರೆಗೆ ಮೂರು ಗಂಟೆಯ ಇಳಿಜಾರು ದಾರಿ. ಎರಡೂ ಬದಿಗೆ ಅವರು ನಲವತ್ತು ವರ್ಷ ಕಚ್ಚು ಹಾಕಿ, ಗಾಯದಲ್ಲಿ ಒಸರಿದ ಸಾಂಬ್ರಾಣಿ ಕಿತ್ತ ಮರಗಳು. ದಾರಿಯಲ್ಲಿ ಕಂಬವೆಲ್ಲಿ? ಆ ಮರಗಳಿಗೇ ಹೇಳುತ್ತ ನಡೆದರು.

"ಮರವೇ, ಅವಳಿಗೆ ಹೇಳು, ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಲಿ."

ಅವರ ಎದೆ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ಹಳ್ಳ ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ಮರವೇ, ಇಳಿಸಿ ಸ್ವಲ್ಪ ಕೂತ್ಕೊಳ್ಳಿ ಅಂತ ಮಾವನಿಗೆ ಹೇಳು."

"ಮರವೇ, ಕೂತರೆ ಏಳೋಕಾಗಲ್ಲ ಅಂತ ಅವಳಿಗೆ ಹೇಳು."

ಆಸ್ಪತ್ರೆಯಲ್ಲಿ ಅವರನ್ನು ಹೊರಗಿನ ಬೆಂಚಿಗೆ ಕಳಿಸಿದರು. ಹಲಗೆಯ ಗೋಡೆಯಾಚೆಯಿಂದ ಅವರ ದನಿ ಬರುತ್ತಲೇ ಇತ್ತು. "ಗೋಡೆಯೇ, ಅತ್ತಿತಾ ಕೇಳು." ಮತ್ತೆ, "ಅತ್ತಿತಾ ಕೇಳು." ಕೊನೆಗೂ ಕೂಸು ಅತ್ತಿತು. ರೊತುವಾ ಕಾದಳು. ಆಚೆಯಿಂದ ಮಾತು ಬರಲಿಲ್ಲ. ನರ್ಸು ಹೋಗಿ ನೋಡಿದಾಗ ಅವರು ಗೋಡೆಗೊರಗಿ ಕೂತಿದ್ದರು, ಪ್ರಾಣ ಇರಲಿಲ್ಲ. ಅಳು ಅವರ ಕಿವಿಗೆ ಬಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮೂರು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಅದೇ.

* * *

"ಬಿಡು, ಪಾರ್ಲಿನ್ ಅಪ್ಪ ಅಂತಲೇ ಬರೀತೀನಿ," ಎಂದ ಪಾರ್ಲಿನ್. "ಅಪ್ಪ ಇದ್ದಿದ್ರೂ ಹಾಗೇ ಬರಿ ಅಂತಿದ್ರು."

ಅನ್ನುತ್ತಿದ್ದರು, ಖಂಡಿತ. ಅವಳಿಗಾಗಿ ಒಮ್ಮೆ ಬಿಟ್ಟುಕೊಟ್ಟ ಹೆಸರನ್ನು ಸತ್ತ ಮೇಲೂ ಬಿಟ್ಟುಕೊಡುತ್ತಿದ್ದರು. ಕುಂಚ ಮರಕ್ಕೆ ತಾಗುವಷ್ಟರಲ್ಲಿ ರೊತುವಾ ಎದ್ದು ಬಂದಳು.

"ಇಲ್ಲಿ ಕೊಡಿ."

ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಕುಂಚ. ಯಾರಿಗೂ ಹೇಳದೆ ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ಹೆಸರು. ಅಕ್ಷರಗಳು ಸೊಟ್ಟಗಾದವು. ಓಂಪು ದೂಮಾ.

"ದೂಮಾ," ಎಂದು ಸೋಂತಾ ಒಂದು ಸಲ ಓದಿದಳು. ಮತ್ತೆ ಬೈಯಲಿಲ್ಲ. ಬೋಧಕರು ಲೋಟದ ನೀರಿನಲ್ಲಿ ಕೈ ಅದ್ದಿ ಕೂಸಿನ ಹಣೆ ಮುಟ್ಟಿದರು. ಓಂಪು ಬೊನಾರ್ ಕಣ್ಣೊರೆಸಿಕೊಂಡು ಡೋಲಿನವರತ್ತ ತಿರುಗಿ, "ಇನ್ನೇನು ನೋಡ್ತೀರಿ? ಕುಡಿದ ಕಾಫಿಗಾದ್ರೂ ಬಾರಿಸ್ರೋ!" ಎಂದು ಗದರಿದರು.

ಚರ್ಚಿನ ಹಿಂದೆ, ಎರಡು ಪುಟ್ಟ ಶಿಲುಬೆಗಳ ಪಕ್ಕ, ದೊಡ್ಡದನ್ನು ನೆಟ್ಟರು. ತುಂಬುರ್, ತಿಯೂರ್, ದೂಮಾ. ರೊತುವಾಳ ಮೂರು ಮಕ್ಕಳ ಹೆಸರೂ ಸಾಲಾಗಿ ನಿಂತವು. ಮೂರನೆಯದರ ಕೆಳಗೆ ಮಾತ್ರ ಮಾವ ಮಲಗಿದ್ದರು.

ಜನ ಇಳಿದು ಹೋಗುವವರೆಗೆ ಅವಳು ಕಾದಳು. ಆಮೇಲೆ ಪದ್ಧತಿಯಂತೆ ಮುಖ ಪಕ್ಕಕ್ಕೆ ತಿರುಗಿಸಿ, ಶಿಲುಬೆಯ ಮೇಲೆ ಕೈಯಿಟ್ಟಳು.

"ಮರವೇ, ಮಾವನಿಗೆ ಹೇಳು. ಅತ್ತಳು."

ಹೇಳಿ, ಕೂಸಿನ ಮೂಗಿನ ಕೆಳಗೆ ಮತ್ತೆ ಬೆರಳಿಟ್ಟಳು. ಬೆರಳಿನ ತುದಿಗೆ ಹತ್ತಿದ್ದ ಬಿಳಿ ಬಣ್ಣ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಉಸಿರು ತಾಗುವುದನ್ನೇ ಕಾಯುತ್ತ ನಿಂತಳು.