ದುಭಾಷಿಯ ಒಂದೇ ಪಟ್ಟಿ

ಕಚೇರಿಯವರು ಅವಳಿಗೆ ದುಭಾಷಿ ಎಂದು ಅಡ್ಡಹೆಸರಿಟ್ಟಿದ್ದರು. ಸರ್ವರ್ ಕುಂಟುತ್ತಿದೆ ಎಂದು ಮ್ಯಾನೇಜರ್ ಎಲ್ಲರ ತಲೆ ತಿನ್ನತೊಡಗಿದಾಗ, ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ತಂತ್ರಾಂಶವಾದ ಕರ್ನಲ್ ಕಳಿಸುವ ಸೂಚನೆಗಳನ್ನು ಹಿಡಿದು, ಬರೀ ಅಂಕಿಗಳಾಗಿದ್ದ ಅವನ್ನು ಮನುಷ್ಯರು ಓದುವ ಮಾತಾಗಿಸುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ಅವಳೇ. ಬರೆದಾದ ಮೇಲೆ ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರನೆಯ ದಿನ ಆ ಪ್ರೋಗ್ರಾಂ ಕಕ್ಕಿದ ಕಾಗದ ನೋಡಿ ಮ್ಯಾನೇಜರ್ ಕೆಂಡವಾದರು. ನಾನೂರ ಹನ್ನೆರಡು ಸಾಲು, ಎಲ್ಲದರಲ್ಲೂ ಒಂದೇ ಮಾತು: "ಕಡತ ಅಳಿಸಲಾಗಿದೆ." ಆ ಸರ್ವರಿನಲ್ಲಿ ಕಡತ ಅಳಿಸುವ ಅಧಿಕಾರ ಇದ್ದದ್ದು ಅದನ್ನು ನೋಡಿಕೊಳ್ಳುವವರೊಬ್ಬರಿಗೆ ಮಾತ್ರ. ಅವರು ದುಭಾಷಿಯ ಭಾವ, ಸ್ವಂತ ಅಕ್ಕನ ಗಂಡ!

"ನಾಲ್ಕು ಗಂಟೆಗೆ ಬಂದು ಉತ್ತರ ಕೊಡ್ಲಿ. ಇಲ್ಲಾಂದ್ರೆ ಕೆಲಸ ಬಿಟ್ಟು ಹೋಗ್ಲಿ," ಎಂದರು ಮ್ಯಾನೇಜರ್.

ಮಧ್ಯಾಹ್ನ ಅಕ್ಕನ ಫೋನ್. "ನಮ್ಮ ಅನ್ನಕ್ಕೇ ಕಲ್ಲು ಹಾಕಿದೆಯಲ್ಲೇ! ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ."

ದುಭಾಷಿ ಊಟದ ಡಬ್ಬಿ ಮುಚ್ಚಿಟ್ಟು ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ಮೂರೂವರೆಗೆ ಹಣೆ ಚಚ್ಚಿಕೊಂಡಳು. ಸೂಚನೆ ಕಡತದ್ದಾದರೆ ಒಂದು ಎಂಬ ಅಂಕಿಗೆ "ಅಳಿಸಲಾಗಿದೆ" ಎಂದರ್ಥ. ನೆಟ್‌ವರ್ಕ್ ಸಂಪರ್ಕದ್ದಾದರೆ ಅದೇ ಒಂದಕ್ಕೆ "ಇಷ್ಟು ಮಾಹಿತಿ ಬಂದ ಮೇಲಷ್ಟೇ ಕಾಯುತ್ತಿರುವ ಪ್ರೋಗ್ರಾಮನ್ನು ಎಬ್ಬಿಸು" ಎಂದರ್ಥ. ಯಾವ ಬಗೆಯ ಸೂಚನೆ ಎಂದು ಮೊದಲು ನೋಡಬೇಕಿತ್ತು. ಇವಳೋ, ಸೋಮಾರಿ, ಎಲ್ಲ ಬಗೆಗೂ ಅರ್ಥಗಳ ಒಂದೇ ಪಟ್ಟಿ ಮಾಡಿಟ್ಟಿದ್ದಳು.

ನಾಲ್ಕಕ್ಕೆ ಭಾವ ಮ್ಯಾನೇಜರ್ ಮುಂದೆ ಬಂದು ನಿಂತಾಗ, ಮಾನ ಹೋದರೆ ಹೋಗಲಿ ಎಂದು ಅವಳೇ ಬಾಯಿ ಬಿಟ್ಟಳು. "ಸರ್, ತಪ್ಪು ನಂದು. ನಾನೂರ ಹನ್ನೊಂದು ಸಾಲು ಶುದ್ಧ ಸುಳ್ಳು. ಅವು ನೆಟ್‌ವರ್ಕಿನವು, ಅಲ್ಲಿ ಯಾರೂ ಏನೂ ಅಳಿಸಿಲ್ಲ."

"ಉಳಿದಿದ್ದು ಒಂದು?"

ತಿದ್ದಿದ ಕಾಗದದಲ್ಲೂ ಆ ಒಂದು ಸಾಲು ಹಾಗೇ ಇತ್ತು. ಭಾವ ಕೆಮ್ಮಿದರು.

"ಅದು ನಾನೇ ಸರ್. ಯಾವುದೋ ಬೇಡದ ಪ್ರೋಗ್ರಾಂ ಸರ್ವರನ್ನ ತಿಂದು ಹಾಕ್ತಿತ್ತು. ನಿಲ್ಲಿಸಿ ಅದರ ಕಡತ ಅಳಿಸ್ದೆ. ಈಗ ಸರಿಯಾಗಿ ಓಡ್ತಿದೆ."

"ಯಾರದ್ರೀ ಅದು?"

"ಹೆಸರೇನೂ ಇರ್ಲಿಲ್ಲ ಸರ್," ಎಂದು ಭಾವ ಗೋಡೆ ಗಡಿಯಾರ ನೋಡಿದರು. ಸರ್ವರ್ ಓಡುತ್ತಿದೆ ಎಂದ ಮೇಲೆ ಮ್ಯಾನೇಜರಿಗೂ ಅಷ್ಟೇ ಸಾಕಾಗಿತ್ತು.

ಹೊರಗೆ ಬಂದು ದುಭಾಷಿ ಕೇಳಿದಳು, "ನಿಜ ಹೇಳಿ ಭಾವ, ಯಾರದು?"

"ಹೋದ ತಿಂಗಳು ನೀನೇ ಪರೀಕ್ಷೆಗೆ ಅಂತ ಹಾಕಿ ಮರೆತದ್ದು. ಅದರ ಮೊದಲನೇ ಸಾಲಲ್ಲೇ ನಿನ್ನ ಹೆಸರಿತ್ತು."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ನಿಮ್ಮ ಕೆಲಸಕ್ಕೇ ಕುತ್ತು ಬಂದಾಗ್ಲೂ ಹೇಳ್ಲಿಲ್ವಲ್ಲ!"

"ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು," ಎಂದರು ಭಾವ. "ಆಮೇಲೆ ನಿಮ್ಮಕ್ಕ ನನ್ನನ್ನ ಮನೆ ಮೆಟ್ಟಿಲು ಹತ್ತೋಕೆ ಬಿಡ್ತಿದ್ಳಾ?"