ಖಾಲಿ ಹರಗೋಲು

ಸಮಸ್ತ ಕಲಬುರಗಿ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ಸೈಕಲ್ ರಿಪೇರಿ ಅಂಬಣ್ಣ ಬೀಡಿ ಬಿಟ್ಟ. ಐವಾನ್-ಎ-ಶಾಹಿ ಹಾದಿಯ ಬೇವಿನ ಗಿಡದ ಕೆಳಗೆ, ಗಾಳಿ ಹೊಡೆಯುವ ಪಂಪನ್ನು ರಾಜದಂಡದಂತೆ ನೆಟ್ಟಗೆ ಹಿಡಿದು, ಪಂಕ್ಚರಾದ ಸೈಕಲ್ಲಿನ ಗಿರಾಕಿಯ ಮುಂದೆ ಅವನು ಇದನ್ನು ಘೋಷಿಸಿದ. ಗಿರಾಕಿಗೆ ಪಂಕ್ಚರಿನ ಚಿಂತೆ ಇತ್ತು.

ಪಕ್ಕದಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತ ಕೂತಿದ್ದ ನಬಿಸಾಬ್ ತಿದಿ ಒತ್ತುವುದನ್ನು ನಿಲ್ಲಿಸಿದ.

"ಯಾಕೋ, ಬೀಡಿ ಏನ್ ಗುನ್ಹೆ ಮಾಡ್ತು?"

"ದಮ್ ಉಳಸ್ಲಾಕತ್ತೀನಿ, ನಬಿಭಾಯ್. ನೀರಾಗ ಮುಳುಗೋದದ."

ನಬಿಸಾಬ್ ಎಲ್ಲಿ ಎಂದು ಕೇಳಲಿಲ್ಲ. ಇಬ್ಬರೂ ಕಮಲಾಪುರದವರು, ಒಂದೇ ಗೋಡೆಯ ಆಚೀಚೆ ಬೆಳೆದವರು. ರಜಾಕಾರರ ಗದ್ದಲದ ವರ್ಷ ಊರು ಬಿಡುವ ಮುಂಚೆ ಜನ ಹಂಡೆ, ಕೊಡಗಳನ್ನು ಬಾವಿಗೂ ಕೆರೆಗೂ ಇಳಿಬಿಟ್ಟು ಹೋಗಿದ್ದರು. ಹೊತ್ತು ಓಡಲು ಭಾರ, ಬಿಟ್ಟು ಓಡಲು ಮನಸ್ಸು ಭಾರ. ಅಂಬಣ್ಣನ ತಾಯಿ ಹಣಮಮ್ಮನ ತವರಿನ ತಾಮ್ರದ ಹಂಡೆಯನ್ನು ಹರಗೋಲಿನಲ್ಲಿ ಒಯ್ದು ಕೆರೆಯ ನಡುವೆ ಇಳಿಬಿಟ್ಟವನು ಇದೇ ನಬಿಸಾಬ್. ಕೆಲವು ತಿಂಗಳಿಗೆ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮನ ಆಳಿಕೆ ಮುಗಿಯಿತು. ಆಗ ಊರು ಬಿಡುವ ಸರದಿ ನಬಿಸಾಬನ ಮನೆಗೆ ಬಂತು. ಅವನು ಮತ್ತೆ ಆ ಕಡೆ ಮುಖ ಮಾಡಿರಲಿಲ್ಲ.

ಹಣಮಮ್ಮ ಕಲಬುರಗಿಯ ನೀರಿಗೆ ಹೊಂದಿಕೊಂಡಳು, ಡಬ್ಬಿಗೆ ಹೊಂದಿಕೊಳ್ಳಲಿಲ್ಲ. ತಗಡಿನ ಡಬ್ಬಿಯಲ್ಲಿ ಕಾಸಿದ ನೀರು ಮೈಗೆ ಬಿದ್ದಾಗಲೆಲ್ಲ ಅವಳಿಗೆ ಕಮಲಾಪುರದ ಬಚ್ಚಲು ನೆನಪಾಗುತ್ತಿತ್ತು. ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತುವುದು, ಹಿತ್ತಲಿನ ಕೆಂಪು ಬಾಳೆಯ ಗೊನೆ ಕತ್ತಲಲ್ಲಿ ಬಾಗಿ ನೋಡುವುದು. ಈ ವರ್ಷ ಮೊಣಕಾಲು ಕೈಕೊಟ್ಟಿತ್ತು. "ಮುಂದಿನ ದೀವಳಿಗಿಗಿ ನಾ ಇರ್ತೀನೋ ಇಲ್ಲೋ. ಒಂದು ಸಲ ಆ ಹಂಡ್ಯಾಗ ನೀರು ತುಂಬಬೇಕಪ್ಪ," ಅಂದಿದ್ದಳು. ಅಂಬಣ್ಣ ಹೂಂ ಅಂದುಬಿಟ್ಟಿದ್ದ.

ಹರಗೋಲು ನಡೆಸುವ ಕಬ್ಬಲಿಗರ ಮನೆಯಲ್ಲಿ ಹುಟ್ಟಿದರೂ ಅವನಿಗೆ ನೀರಿಗಿಂತ ಗಾಳಿ ಹೆಚ್ಚು ಪರಿಚಯ. ಹಾಗಾಗಿ ಲಾರಿಯ ಟ್ಯೂಬಿನ ತುಂಡಿಗೆ ಗಾಳಿ ತುಂಬಿ, ಬಾಯಿಗೊಂದು ನಳಿಕೆ ಜೋಡಿಸಿ, ಗಾಜಿನ ಕನ್ನಡಕಕ್ಕೆ ಸೈಕಲ್ ಟ್ಯೂಬಿನ ಅಂಚು ಕಟ್ಟಿ ಒಂದು ಯಂತ್ರ ಮಾಡಿದ. ಹಾಳುಬಾವಿಯಲ್ಲಿ ಪರೀಕ್ಷೆ ನಡೆಯಿತು. ಯಂತ್ರ ಅವನನ್ನು ಮುಳುಗಲು ಬಿಡಲಿಲ್ಲ. ಎಮ್ಮೆಯ ಹಾಗೆ ಬೆನ್ನು ಮೇಲೆ ಮಾಡಿ ತೇಲಿದ.

"ಹಂಡೆ ಮುಳುಗ್ಯಾದ, ಅಂಬಣ್ಣ ತೇಲ್ಯಾನ," ಅಂದ ನಬಿಸಾಬ್, ದಂಡೆಯ ಮೇಲೆ ಕೂತು. "ಸೊಂಟಕ್ಕ ಕಲ್ಲು ಕಟ್ಟಿಕೋ. ಮತ್ತ ಹರಗೋಲಿನ್ಯಾಗ ಒಬ್ಬರು ಕೂಡಬೇಕು. ನಾ ಬರ್ತೀನಿ. ಜಾಗಾ ನನಗ ಗೊತ್ತದ."

"ಬ್ಯಾಡ ಭಾಯ್. ನಿನ್ನ ನೋಡಿದ್ರ ಮಂದಿ ಕೂಡ್ತಾರ. ಚೊಂಬು ಮುಳುಗಿಸಿದವರೂ ಹಂಡೆ ಹಂಡೆ ಅಂತ ಬರ್ತಾರ. ಒಬ್ಬನೇ ಹೋಗಿ ಒಬ್ಬನೇ ಬರ್ತೀನಿ."

ಮಂದಿ ನಬಿಸಾಬನನ್ನು ಹೇಗೆ ನೋಡಿಯಾರು ಎಂಬ ಅಂಜಿಕೆಯನ್ನು ಅಂಬಣ್ಣ ಬಾಯಿಬಿಟ್ಟು ಹೇಳಲಿಲ್ಲ. ನಬಿಸಾಬನೂ ಒತ್ತಾಯ ಮಾಡಲಿಲ್ಲ. "ಹುಣಸಿಗಿಡ, ಗುಮ್ಮಟ, ಎರಡೂ ಒಂದೇ ಸೀದಾಕ್ಕ ಬರೋ ಜಾಗಾ," ಅಂದು ಎದ್ದು ಹೋದ.

ನೀರು ತುಂಬುವ ಹಬ್ಬದ ದಿನ ಮುಂಜಾನೆಯ ಬಸ್ಸಿಗೆ ಅಂಬಣ್ಣ ಕಮಲಾಪುರದಲ್ಲಿ ಇಳಿದ. ಬಿದ್ದ ಮನೆಯ ಹಿಂದೆ ಬೋರಲು ಹಾಕಿದ್ದ ಅಪ್ಪನ ಹರಗೋಲು ಹಾಗೆಯೇ ಇತ್ತು. ತೂತುಗಳಿಗೆ ಸೈಕಲ್ಲಿನ ತೇಪೆ ಹಚ್ಚಿ ನೀರಿಗಿಳಿಸಿದ. ಗಿಡ ಗುಮ್ಮಟಗಳು ಒಂದಾದಲ್ಲಿ ಕಲ್ಲಿನ ಲಂಗರು ಬಿಟ್ಟು, ಸೊಂಟಕ್ಕೆ ಕಲ್ಲು ಕಟ್ಟಿ, ಬಾಯಿಗೆ ನಳಿಕೆ ಇಟ್ಟು ಇಳಿದ.

ನೀರು ಹಸಿರಾಗಿತ್ತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಟ್ಯೂಬಿನ ಗಾಳಿಗೆ ರಬ್ಬರಿನ ವಾಸನೆ. ನಾಲ್ಕೈದು ಸಲ ಮೇಲೆ ಬಂದು ಹೋಗಿ ಹುಡುಕಿದ ಮೇಲೆ ಕೆಸರಿನಲ್ಲಿ ದುಂಡನೆಯ ಕಂಠ ಕೈಗೆ ಸಿಕ್ಕಿತು. ಹಗ್ಗ ಕಟ್ಟಿ, ಮೇಲೆ ಬಂದು, ಹರಗೋಲು ಮಗುಚುವಷ್ಟು ಜಗ್ಗಿ, ಹಂಡೆಯನ್ನು ಒಳಗೆ ಕೂರಿಸಿದ. ಪಾಚಿ ಒರೆಸಿದಾಗ ತಾಮ್ರ ಕಂಡಿತು. ಕಂಠದ ಮೇಲೆ ಅಜ್ಜನ ಹೆಸರು, ಮಾಪಣ್ಣ, ಚುಕ್ಕಿ ಚುಕ್ಕಿಯಾಗಿ ಕೊರೆದದ್ದು. ಅಂಬಣ್ಣ ಅದರ ಪಕ್ಕ ಕೂತು ಒಬ್ಬನೇ ನಕ್ಕ.

ಅಲ್ಲಿಗೆ ಹೊರಟುಬಿಡಬೇಕಿತ್ತು. ಆದರೆ ಹಂಡೆಯ ಪಕ್ಕದಲ್ಲೇ ಅವನ ಕೈಗೆ ಇನ್ನೊಂದು ಪಾತ್ರೆ ತಾಗಿತ್ತು. ಅಗಲ ಹೊಟ್ಟೆ, ಸಣ್ಣ ಬಾಯಿ, ಬಾಯಿಯ ಸುತ್ತ ಇನ್ಯಾವುದೋ ಚುಕ್ಕಿಗಳು. ದೇಗಚಿ, ಮುಸಲ್ಮಾನರ ಮನೆಯ ಅಡುಗೆ ಪಾತ್ರೆ. ಜಾಗಾ ನನಗ ಗೊತ್ತದ ಅಂದವನು ತನ್ನದೂ ಅಲ್ಲೇ ಅದ ಎಂಬ ಮಾತು ನುಂಗಿದ್ದು ಈಗ ತಿಳಿಯಿತು. ಅಂಬಣ್ಣ ಕಲ್ಲು ಬಿಗಿದುಕೊಂಡು ಮತ್ತೆ ಇಳಿದ.

ದೇಗಚಿ ಕೆಸರಿನಲ್ಲಿ ಆಳವಾಗಿ ಕೂತಿತ್ತು. ಟ್ಯೂಬಿನ ಗಾಳಿ ಪೂರ್ತಿ ಮುಗಿಯಿತು. ಕಲ್ಲು ಕಳಚಿ, ದೇಗಚಿ ಅವಚಿ ಮೇಲೆ ಬಂದರೆ ಹರಗೋಲು ಇರಲಿಲ್ಲ. ಅದು ಹಂಡೆಯ ಸಮೇತ ದಂಡೆಯ ಕಡೆ ಸಾಗುತ್ತಿತ್ತು. ಲಂಗರು ಎತ್ತಿ, ತೆಪ್ಪದ ಮೇಲೆ ಕೂತು ಅದನ್ನು ಎಳೆಯುತ್ತಿದ್ದವನು ಕೆರೆ ಕಾಯುವ ನೀರಗಂಟಿ ಮಾಣಿಕಪ್ಪ, ಅಂಬಣ್ಣನ ಅಪ್ಪನ ಗೆಳೆಯ.

ದೇಗಚಿಯ ನೀರು ಚೆಲ್ಲಿ ಅವಚಿಕೊಂಡು, ಕಾಲು ಬಡಿದು ಅಂಬಣ್ಣ ಏರಿ ಸೇರುವಷ್ಟರಲ್ಲಿ ಅರ್ಧ ಊರು ನೆರೆದಿತ್ತು.

"ಕಾಕಾ, ಅದು ನಂದು."

"ನಿಂದೇ ಅಂತ ನನಗ ಗೊತ್ತದೋ. ಸರಕಾರಕ್ಕ ಗೊತ್ತಿಲ್ಲ. ಒಳಗ ಮನಷ್ಯಾ ಇಲ್ಲದ ಹರಗೋಲು ಲಾವಾರಿಸ್ ಮಾಲು, ಧಣಿ ಇಲ್ಲದ್ದು. ಚಾವಡಿಗಿ ಜಮಾ."

"ನಾ ನೀರಾಗೇ ಇದ್ದೆನಲ್ಲ, ಅದರ ಬುಡಕ್ಕೇ."

"ಬುಡಕ್ಕಿದ್ದವ ಒಳಗಿದ್ದಂಗ ಹ್ಯಾಂಗ? ಒಂದು ಸಣ್ಣ ಕೂಸು ಕುಂತಿದ್ರೂ ನಾ ಮುಟ್ಟತಿದ್ದಿಲ್ಲ."

"ಸರಕಾರ ಬದಲಾತು ಕಾಕಾ. ನಿಜಾಮನ ಕಾಯಿದಾ ಇನ್ನೂ ಹಿಡದೀಯಲ್ಲ."

"ಬದಲಾದವ್ರು ಕೆರಿಗಿ ಬಂದು ಹೇಳಿಲ್ಲಪ್ಪ."

"ಹೆಸರರ ನೋಡು. ಮಾಪಣ್ಣ, ನಮ್ಮವ್ವನ ಅಪ್ಪ."

ಗುಂಪಿನಿಂದ ಒಬ್ಬ ಮಾಪಣ್ಣ ಮುಂದೆ ಬಂದ. ಅವನ ಹಿಂದೆ ಇನ್ನೊಬ್ಬ. ಬಂಡೆಮ್ಮನೆಂಬ ಮುದುಕಿ ತನ್ನ ಗಂಡನೂ ಮಾಪಣ್ಣನೇ, ಸತ್ತು ಬಹಳ ದಿನವಾಯಿತು ಅಂದಳು. ಮಾಣಿಕಪ್ಪ ಹಣೆ ಒರೆಸಿಕೊಂಡ. "ಡಂಗುರ ಹೊಡಸಬೇಕು, ಹಕ್ಕಿನವ್ರನ್ನ ವಿಚಾರಿಸಬೇಕು. ಹಬ್ಬ ಮುಗೀಲಿ, ಬಾ."

"ಹಬ್ಬಕ್ಕೇ ಬೇಕಿತ್ತು, ಕಾಕಾ."

ಮಾಣಿಕಪ್ಪ ಬೇರೆ ಕಡೆ ನೋಡಿದ. ಆಮೇಲೆ ಅವನ ಕಣ್ಣು ದೇಗಚಿಯ ಮೇಲೆ ಬಿತ್ತು. ಬಾಯಿಯ ಉರ್ದು ಚುಕ್ಕಿಗಳನ್ನು ನಿಧಾನಕ್ಕೆ ಓದಿದ. "ಅಮೀನಾ," ಅಂದ. ಅಮೀನಾ ನಬಿಸಾಬನ ಹೆಂಡತಿ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಅದು ನಿನ್ನ ಕೈಯಾಗದ," ಅಂದ ಮಾಣಿಕಪ್ಪ, ಮೆಲ್ಲಗೆ. "ಕೈಯಾಗಿದ್ದ ಮಾಲು ಲಾವಾರಿಸ್ ಅಲ್ಲ. ಕೆಳಗ ಮಾತ್ರ ಇಡಬ್ಯಾಡ."

ಅಂಬಣ್ಣ ಇಡಲಿಲ್ಲ. ಒಂದು ಕೈಯಲ್ಲೇ ಅಂಗಿ ತೊಟ್ಟ. ತೋಳು ಬದಲಿಸುವಾಗ ದೇಗಚಿಯನ್ನು ಮೊಣಕಾಲುಗಳ ನಡುವೆ ಅವುಚಿಕೊಂಡ. ಬಸ್ಸಿನಲ್ಲಿ ಜಾಗ ಸಿಕ್ಕಾಗಲೂ ಅದು ತೊಡೆಯ ಮೇಲೇ ಇತ್ತು. ತಳದಲ್ಲಿ ಒಂದು ಬೊಗಸೆಯಷ್ಟು ಕೆರೆಯ ನೀರು ಉಳಿದಿತ್ತು. ಹಾದಿಯ ತಗ್ಗುಗಳಲ್ಲಿ ಬಸ್ಸು ಕುಲುಕಿದಾಗ ಅದು ತುಳುಕದಂತೆ ಅವನು ದೇಗಚಿಯ ಬಾಯಿಗೆ ಅಂಗೈ ಮುಚ್ಚಿ ಹಿಡಿದ.